ಬೂದ ಕಂಬಳಿಯ ಅಳತೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಶೇವಂತಿ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಸುಳ್ಳೇನಲ್ಲ. ಮುಧೋಳದ ಬಸ್‌ಸ್ಟ್ಯಾಂಡಿನ ಎದುರಿನ ಸಂದಿಯಲ್ಲಿ ಹರೆಯದಿಂದಲೂ ಫೋಟೊ ಸ್ಟುಡಿಯೊ ಇಟ್ಟವನು ನಾನು, ಹುಲೆಪ್ಪ. ಗಿರಾಕಿ ಕಣ್ಣು ಮುಚ್ಚಿದರೆ ಸಿಟ್ಟು, ಅಲ್ಲಾಡಿದರೆ ಸಿಟ್ಟು, ನಗು ಎಂದಾಗ ನಗದಿದ್ದರೆ ಇನ್ನೂ ಸಿಟ್ಟು. ಆದರೆ ರೀಲಿನ ಕಾಲದಲ್ಲಿ ನನ್ನ ಫೋಟೊ ಕೆಟ್ಟಿತು ಎಂದು ಒಬ್ಬನೂ ತಿರುಗಿ ಬಂದಿರಲಿಲ್ಲ. ಅಂಗಳದ ಬಿಸಿಲು ನೋಡಿಯೇ ಎಷ್ಟು ಬೆಳಕು ಬಿಡಬೇಕೆಂದು ಹೇಳುತ್ತಿದ್ದೆ. ಆ ಸೊಕ್ಕು ನನಗಿತ್ತು, ಈಗ ಯಾಕೆ ಮುಚ್ಚಿಡಲಿ?

ಎರಡು ಸಾವಿರದ ಹತ್ತರಲ್ಲಿ ರೀಲು ಸಿಗುವುದೇ ಕಷ್ಟವಾಯಿತು. ಬೆಳಗಾವಿಗೆ ಹೋಗಿ ಡಿಜಿಟಲ್ ಕ್ಯಾಮೆರಾ ತಂದೆ, ಲೆನ್ಸು ಬಿಚ್ಚಿ ಹಾಕುವಂಥ ದೊಡ್ಡದು. ಅಂಗಡಿಯವನು, "ಎಲ್ಲಾ ತಾನ ಮಾಡ್ತೈತ್ರಿ, ನೀವು ಗುಂಡಿ ಒತ್ತಿದ್ರ ಆತು" ಎಂದ. ಆ ಮಾತೇ ನನ್ನನ್ನು ಕೆಡಿಸಿತು. ಇಪ್ಪತ್ತಾರು ವರ್ಷ ಬಿಸಿಲು ಓದಿದ ಕಣ್ಣಿಗೆ ರಜೆ ಕೊಟ್ಟು ಎಲ್ಲವನ್ನೂ ಅದಕ್ಕೇ ಒಪ್ಪಿಸಿಬಿಟ್ಟೆ.

ಮೊದಲ ತಿಂಗಳಲ್ಲೇ ರಗಳೆ ಶುರುವಾಯಿತು. ಸುಣ್ಣದ ಗೋಡೆಯ ಮುಂದೆ ನಿಲ್ಲಿಸಿದ ಬೇಟೆನಾಯಿಯೊಂದು ಫೋಟೊದಲ್ಲಿ ಮಸಿಯಾಗಿ ಬಂತು. ನಾಯಿಯ ಯಜಮಾನ, "ಹುಲೆಪ್ಪಣ್ಣಾ, ನಾಯಿ ಎಲ್ಲಿ ಐತಿ? ನೆರಳಷ್ಟ ಬಂದೈತಲ್ಲ" ಎಂದು ನಕ್ಕ. ಕತ್ತಲ ಮೂಲೆಯಲ್ಲಿ ಕುಳಿತ ಮದುಮಗ ಸುಣ್ಣ ಬಳಿದವನ ಹಾಗೆ ಬಂದ. ಕೆಲವೊಮ್ಮೆ ಲೆನ್ಸು ಗರ್ ಗರ್ ಎಂದು ಹಿಂದೆ ಮುಂದೆ ಓಡಾಡಿ, ಮನುಷ್ಯರನ್ನು ಬಿಟ್ಟು ಹಿಂದಿನ ಗಡಿಯಾರವನ್ನು ಹಿಡಿದುಕೊಳ್ಳುತ್ತಿತ್ತು. ನಾನು ಕಂಪನಿಯವರಿಗೆ, ಅಂಗಡಿಯವನಿಗೆ, ಅವನ ಇಡೀ ವಂಶಕ್ಕೆ ಬೈದೆ. ಶೇವಂತಿ ಒಳಗಿನಿಂದಲೇ, "ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ" ಎಂದಳು.

"ನೀ ಸುಮ್ಕಿರ ಬೇ" ಎಂದು ಅವಳ ಬಾಯಿ ಮುಚ್ಚಿಸಿದೆ. ಕ್ಯಾಮೆರಾದ ಪುಸ್ತಕ ಇಂಗ್ಲಿಷಿನಲ್ಲಿತ್ತು. ಹತ್ತು ಪುಟ ಓದಿ ಎತ್ತಿಟ್ಟೆ.

ದೀಪಾವಳಿ ಮುಗಿದ ವಾರದಲ್ಲಿ ಗಲಗಲಿ ಕಡೆಯ ಅಮಸಿದ್ದಪ್ಪ ಹೆಂಡತಿ ಮತ್ತು ಮಗಳನ್ನು ಕರೆದುಕೊಂಡು ಬಂದ. ಕುರಿ ಕಾಯುವ ಮನೆತನ. ಹೊಳೆಯ ಹಿನ್ನೀರು ಬಂದಾಗ ಹಳೆಯ ಊರು ಬಿಟ್ಟು, ಹೊಸ ಪ್ಲಾಟಿನಲ್ಲಿ ಮನೆ ಕಟ್ಟಿಕೊಂಡವರು. ಅವರ ಪರಿಹಾರದ ಕಾಗದಕ್ಕೆ ಹಚ್ಚುವ ಫೋಟೊ ತೆಗೆದದ್ದೂ ನಾನೇ. ಅಮಸಿದ್ದಪ್ಪನ ಹಿಂಡಿನಲ್ಲಿ ಅವನ ಸ್ವಂತದ ಕುರಿ ಅರವತ್ತು, ಊರ ಮಂದಿ ನಂಬಿ ಬಿಟ್ಟ ಕುರಿ ಇನ್ನೂರು. ತಿಂಗಳುಗಟ್ಟಲೆ ಅಡವಿಯಲ್ಲಿ ತಿರುಗುತ್ತಾನೆ. ಒಂದು ಕುರಿ ತೋಳನ ಬಾಯಿಗೆ ಹೋಯಿತು ಎಂದರೆ ಹೋಯಿತು. ಯಾರೂ ಚರ್ಮ ತೋರಿಸು ಎನ್ನುವುದಿಲ್ಲ. ಅವನ ಮಾತೇ ಅವನ ಬದುಕು.

ಮಗಳು ಉಮಾಶ್ರೀ. ಇಪ್ಪತ್ತೆರಡು ವರ್ಷ, ಪಿಯುಸಿ ಮುಗಿಸಿ ಮನೆಯಲ್ಲಿ ಉಣ್ಣೆ ಹಿಂಜಿ ನೂಲುತ್ತಿದ್ದಳು. ಎಣ್ಣೆಗಪ್ಪು ಬಣ್ಣ. ಎಡ ಹುಬ್ಬಿನ ಮೇಲೆ, ಸಣ್ಣವಳಿದ್ದಾಗ ಟಗರು ಹಾಯ್ದ ಗಾಯದ ಗುರುತು. ಮಾತಾಡುವ ಮೊದಲು ಒಂದು ಗಳಿಗೆ ಎದುರಿನವರನ್ನು ನೋಡುವ ಅಭ್ಯಾಸ.

"ಬಾಡಗಂಡಿ ಕಡಿಂದ ಒಂದು ಸಂಬಂಧ ಬಂದೈತಿ ಯಣ್ಣಾ" ಎಂದಳು ತಾಯಿ ಸಿದ್ದಕ್ಕ. "ಹುಡುಗ ಸಕ್ರಿ ಫ್ಯಾಕ್ಟರಿಯೊಳಗ ನೌಕರಿಗೆ ಅದಾನ. ಮೊದಲ ಫೋಟೊ ಕಳಸ್ರಿ ಅಂದಾರ. ಛಲೋತ್ನ್ಯಾಗಿ ತಗಿ."

ನಾನು ಹೂವಿನ ಪರದೆ ಎಳೆಯಲು ಹೋದರೆ ಸಿದ್ದಕ್ಕ ತಡೆದಳು. ಗಂಟು ಬಿಚ್ಚಿ ಕರಿ ಕಂಬಳಿ ಹೊರಗೆ ತೆಗೆದಳು. ಅವಳ ಅಪ್ಪ ನೇಯ್ದದ್ದಂತೆ, ಅಂಚಿಗೆ ಮಾತ್ರ ಸಣ್ಣ ಬಿಳಿ ಗೆರೆ. ಅವರ ಮನೆಯಲ್ಲಿ ಲಗ್ನದ ಮಾತಿಗೆ ಕುಳ್ಳಿರಿಸುವಾಗ ಹುಡುಗಿಯ ಬೆನ್ನಿಗೆ ತವರಿನ ಕಂಬಳಿ ಇರಬೇಕು. ಅದು ಅವರ ಕುಲದೇವರು ಬೀರಪ್ಪನ ಗದ್ದಿಗೆ ಇದ್ದ ಹಾಗೆ. "ಫೋಟೊ ಅಂದ್ರೂ ಮಾತಿಗೆ ಕುಂತಂಗ ಅಲ್ಲೇನು?" ಎಂದು ಕೇಳಿದಳು. ನಾನು ಗೊಣಗುತ್ತಲೇ ಕಂಬಳಿಯನ್ನು ಗೋಡೆಗೆ ಇಳಿಬಿಟ್ಟು, ಇನ್ನರ್ಧವನ್ನು ಸ್ಟೂಲಿನ ಮೇಲೆ ಹಾಸಿದೆ.

ಕ್ಯಾಮೆರಾ ಎತ್ತಿದರೆ ಮತ್ತೆ ಅದೇ ಗರ್ ಗರ್. ಆ ಕರಿ ಉಣ್ಣೆಯಲ್ಲಿ ಅದಕ್ಕೆ ಹಿಡಿಯಲು ಏನೂ ಸಿಗುತ್ತಿರಲಿಲ್ಲ. ಕೊನೆಗೆ ಹುಡುಗಿಯ ಹೆಗಲ ಹಿಂದಿನ ಬಿಳಿ ಗೆರೆ ಸಿಕ್ಕಿತು, ಅಲ್ಲಿಗೆ ನಿಂತುಬಿಟ್ಟಿತು. ಒತ್ತಿದೆ. ಕ್ಯಾಮೆರಾದ ಬೆನ್ನಿನ ಪರದೆಯಲ್ಲಿ ಚಿತ್ರ ಬಂತು. ಉಮಾಶ್ರೀ ಬೆಳ್ಳಗಾಗಿದ್ದಳು! ಕಂಬಳಿ ಬೂದು, ಮುಖ ಹಾಲು. ಮುಖ ಸ್ವಲ್ಪ ಮಂಜಾಗಿದ್ದರಿಂದ ಹುಬ್ಬಿನ ಗಾಯವೂ ಕಾಣುತ್ತಿರಲಿಲ್ಲ. ಹಣೆಯ ಮೇಲೆ, ಕೆನ್ನೆಯ ಮೇಲೆ ಏನೋ ಮಿಣಕ್ ಮಿಣಕ್ ಎಂದು ಹೊಳೆದು ಆರುತ್ತಿತ್ತು. ಆ ಹತ್ತು ಪುಟದಲ್ಲಿ ಅದೊಂದು ಮಾತ್ರ ನನಗೆ ತಿಳಿದಿತ್ತು: ಎಲ್ಲಿ ಮಿಣಕುತ್ತದೋ ಅಲ್ಲಿ ಬೆಳಕು ಹೆಚ್ಚಾಗಿದೆ, ಅಲ್ಲಿನ ಚಿತ್ರ ಸುಟ್ಟುಹೋಗಿದೆ ಎಂದರ್ಥ.

ಇನ್ನೊಂದು ತೆಗೆಯುತ್ತೇನೆ ಎನ್ನುವಷ್ಟರಲ್ಲಿ ಸಿದ್ದಕ್ಕ ನನ್ನ ಮೊಣಕೈ ಹಿಡಿದು ಇಣುಕಿದಳು. "ಯವ್ವಾ, ನನ್ನ ಮಗಳಽ?" ಎಂದು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ನೋಡ್ರಿ ಇಲ್ಲೆ, ಬೀರಪ್ಪ ಕಣ್ಣು ತೆರೆದ. ಹುಲೆಪ್ಪಣ್ಣಾ, ನಿನ್ನ ಕೈಯಾಗ ದೇವರ ಅದಾನ ನೋಡು!"

ಒಂದು ತಿಂಗಳಿಂದ ಎಲ್ಲರ ನಗೆಗೆ ಗುರಿಯಾದವನಿಗೆ ಆ ಹೊಗಳಿಕೆ ಎಷ್ಟು ಸಿಹಿಯಾಗಿತ್ತು ಎಂದು ಹೇಗೆ ಹೇಳಲಿ? ಇನ್ನೊಂದು ತೆಗೆಯಲಿಲ್ಲ.

ಉಮಾಶ್ರೀ ಎದ್ದು ಬಂದು ಪರದೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಕಾಕಾ, ಇದು ನಾನ ಏನ್ರಿ?" ಎಂದಳು.

"ಕ್ಯಾಮೆರಾಕ್ಕ ಏನ ಕಾಣ್ತೈತೋ ಅದನ್ನ ತಗೀತೈತಿ. ಅದಕ್ಕೇನ ನಿನ್ನ ಮ್ಯಾಲ ಹಗೀ ಐತೇನು?" ಎಂದು ಗದರಿಸಿದೆ. ಸಂಜೆಗೆ ಪ್ರಿಂಟು ಹಾಕಿ ಕೊಟ್ಟೆ.

ಮೂರು ವಾರದ ಮೇಲೆ ಅಮಸಿದ್ದಪ್ಪ ಮತ್ತೆ ಬಂದ. ಜೊತೆಗೆ ಉಮಾಶ್ರೀ ಇದ್ದಳು. ಸಾಮಾನ್ಯವಾಗಿ ಬಾಗಿಲಲ್ಲೇ "ಹುಲೆಪ್ಪಣ್ಣಾ, ಅದೀಯೇನು?" ಎಂದು ಅಡವಿಯಲ್ಲಿ ಕುರಿ ಕರೆದ ಹಾಗೆ ಕೂಗುವವನು, ಅವತ್ತು ಬಂದು ಬೆಂಚಿನ ಮೇಲೆ ಸುಮ್ಮನೆ ಕುಳಿತ. ಶೇವಂತಿ ಚಹಾ ಕೊಟ್ಟಳು. ಅದು ಆರುವ ತನಕ ಹಿಡಿದುಕೊಂಡೇ ಇದ್ದ.

"ಬಾಡಗಂಡಿಯವರು ಬಂದಿದ್ರು" ಎಂದ ಕೊನೆಗೆ. "ಹುಡುಗ ದುಂಡೇಶ, ಅವನ ಸ್ವಾದರಮಾವ ರಾಚಪ್ಪ, ಇನ್ನ ನಾಕು ಮಂದಿ. ಫೋಟೊ ನೋಡಿ ಒಪ್ಪಿ ಬಂದವರು. ಹುಗ್ಗಿ ಉಂಡ್ರು. ಆಮ್ಯಾಲ ಹುಡುಗಿನ ಕರಸ್ರಿ ಅಂದ್ರು. ಇಕಿ ಬಂದು ಕುಂತ್ಲು. ರಾಚಪ್ಪ ಫೋಟೊ ತಗದು ಒಮ್ಮಿ ಇಕಿನ್ನ, ಒಮ್ಮಿ ಫೋಟೊ ನೋಡಿ, ‘ಇದು ಬ್ಯಾರೆ ಹುಡುಗಿ’ ಅಂದ. ‘ಬಣ್ಣ ಬ್ಯಾರೆ, ಈಕಿಗೆ ಗಾಯ ಐತಿ, ಫೋಟೊದಾಕಿಗೆ ಇಲ್ಲ. ಚಂದನ್ನ ಹುಡುಗಿ ಫೋಟೊ ತೋರ್ಸಿ ನಿನ್ನ ಮಗಳನ್ನ ಕಟ್ಟಾಕ ನೋಡ್ತಿಯೇನು?’ ಅಂದು ಎದ್ದ."

"ಉಂಡ ಮನೀ ಜಂತಿ ಎಣಿಸಿದಂಗಾತು!" ಎಂದಳು ಶೇವಂತಿ.

"ಎಣಿಸಿದ್ರ ಎಣಿಸ್ಲಿ ತಂಗಿ. ಸಂಬಂಧ ಹೋದ್ರ ಹೋಗ್ಲಿ. ಆದ್ರ ಅವಾ ಹಾದಿ ತುಂಬ ಹೇಳ್ಕೊಂತ ಹೋಗ್ಯಾನ, ಅಮಸಿದ್ದ ಮೋಸಗಾರ ಅಂತ. ಮೊನ್ನೆ ಒಬ್ಬ ಬಂದು ತನ್ನ ಹದಿನಾಲ್ಕು ಕುರಿ ಬಿಡಿಸ್ಕೊಂಡು ಹೋದ. ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಇನ್ನೊಬ್ಬ ನಾಳೆ ಬರ್ತಾನ." ಅಮಸಿದ್ದಪ್ಪ ಆರಿದ ಚಹಾ ಕೆಳಗಿಟ್ಟ. "ಸೋಮವಾರ ಬೀರಪ್ಪನ ಗುಡಿ ಮುಂದ ಹಿರ್‍ಯಾರು ಕೂಡ್ತಾರ. ನಾ ಭಂಡಾರ ಮುಟ್ಟಿ ಆಣಿ ಮಾಡಿ ಹೇಳಬೇಕು, ಈ ಫೋಟೊ ನನ್ನ ಮಗಳದ ಅಂತ. ಹೇಳ್ತೇನಿ, ಖರೆ ಐತಿ. ಆದ್ರ ಆ ಫೋಟೊ ನೋಡಿದವರು, ದೇವರ ಮುಂದೂ ಸುಳ್ಳು ಹೇಳಿದ ಅಂತಾರ. ನೀ ಒಂದೀಟು ಬಂದು ಹೇಳ್ತಿಯೇನು, ನೀನ ತಗದೀ ಅಂತ?"

ನಾಚಿಕೆಯಾದಾಗ ನನಗೆ ಸಿಟ್ಟೇ ಮೊದಲು ಬರುತ್ತದೆ. "ಆ ರಾಚಪ್ಪಗ ಕಣ್ಣ ಅದಾವೋ ಇಲ್ಲೋ? ಕಿವಿ ಬೆಂಡೋಲಿ ನೋಡಿದ್ರ ತಿಳೀತಿರಲಿಲ್ಲೇನು? ಬೇಕಂದ್ರ ಕಂಪ್ಯೂಟರ್‌ನ್ಯಾಗ ದೊಡ್ಡದು ಮಾಡಿ ತೋರಿಸ್ತೇನಿ" ಎಂದು ಹಾರಾಡಿದೆ.

"ಕಂಪ್ಯೂಟರ್‌ನ್ಯಾಗ ಯಾರ ಮಾರಿ ಬೇಕಾದ್ರೂ ಹಚ್ಚತಾರ ಅಂತಾರ ಅವರು" ಎಂದಳು ಉಮಾಶ್ರೀ. "ಅವರ ಕಣ್ಣ ಮುಂದ ತಗದು ತೋರಿಸಬೇಕು ಕಾಕಾ. ಯಾಕ ಹಂಗ ಬಂತು ಅಂತ ತೋರಿಸಬೇಕು."

ಯಾಕೆ ಹಾಗೆ ಬಂತು ಎಂದು ನನಗೆ ಗೊತ್ತಿದ್ದರೆ ತಾನೆ!

ಆ ಮಧ್ಯಾಹ್ನ ಅಂಗಡಿಯ ಅರ್ಧ ಬಾಗಿಲು ಹಾಕಿ ಕುಳಿತೆವು. ಶೇವಂತಿಯನ್ನು ಸ್ಟೂಲಿನ ಮೇಲೆ ಕೂಡಿಸಿ ಹಿಂದೆ ನನ್ನ ಬಿಳಿ ಧೋತರ ಕಟ್ಟಿ ಒಂದು ತೆಗೆದೆ. ಧೋತರ ಹೊಲಸಾದಂತೆ ಬೂದು, ಶೇವಂತಿ ಕಪ್ಪು. ಕೊಡೆ ಬಿಚ್ಚಿ ಹಿಂದೆ ಹಿಡಿದು ಇನ್ನೊಂದು ತೆಗೆದೆ. ಕೊಡೆ ಬೂದು, ಶೇವಂತಿ ಬೆಳ್ಳಗೆ. "ನನ್ನ ಲಗ್ನದಾಗ ಈ ಕೊಡಿ ಇದ್ದಿದ್ರ ಇನ್ನೂ ಛಲೋ ಗಂಡ ಸಿಗತಿದ್ದ" ಎಂದು ಅವಳು ನಕ್ಕಳು. ಅಮಸಿದ್ದಪ್ಪ ಕೂಡ ಸ್ವಲ್ಪ ನಕ್ಕ.

ಉಮಾಶ್ರೀ ನಗಲಿಲ್ಲ. ಕಂಪ್ಯೂಟರಿನ ಮುಂದೆ ಕುಳಿತು ಚಿತ್ರಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದಳು. "ಕಾಕಾ, ಇದಕ್ಕ ಬಣ್ಣ ತಿಳಿಯೂದಿಲ್ಲ. ಕರಿದು ಕಂಡ್ರ ಕತ್ತಲ ಆಗೇತಿ ಅಂತ ಬೆಳಕು ಸುರೀತೈತಿ. ಬಿಳೇದು ಕಂಡ್ರ ಬಿಸಿಲು ಜಾಸ್ತಿ ಆತು ಅಂತ ಮುಚ್ಚತೈತಿ. ಎಲ್ಲಾನೂ ತಂದು ಬೂದ ಮಾಡಾಕ ಹೊಂಟೈತಿ" ಎಂದಳು.

ಇಪ್ಪತ್ತಾರು ವರ್ಷ ಬೆಳಕಿನಲ್ಲೇ ಅನ್ನ ಉಂಡವನು ನಾನು. ಉಣ್ಣೆ ಹಿಂಜುವ ಹುಡುಗಿ ಅರ್ಧ ತಾಸಿನಲ್ಲಿ ಹೇಳಿಬಿಟ್ಟಳು.

"ಹಂಗಂದ್ರ ಅದಕ್ಕ ಮೊದಲ ಬೂದ ಬಣ್ಣನ ತೋರಿಸ್ರಿ" ಎಂದು ಎದ್ದವಳು ಅಪ್ಪನ ಹೆಗಲಿನ ಕಂಬಳಿಗೆ ಕೈ ಹಾಕಿದಳು. ಅದು ಕರಿ ಉಣ್ಣೆ, ಬಿಳಿ ಉಣ್ಣೆ ಎರಡನ್ನೂ ಕೂಡಿಸಿ ಹಿಂಜಿ ಅವಳೇ ನೂತ ಬೂದ ಕಂಬಳಿ. ಶೇವಂತಿಯ ಮುಖದ ಹತ್ತಿರ ಅದನ್ನು ಹಿಡಿದಳು. ನಾನು ಕ್ಯಾಮೆರಾದ ತುಂಬ ಬರಿ ಬೂದ ಕಂಬಳಿ ಕಾಣುವಂತೆ ಹಿಡಿದು, ಬೆಳಕಿನ ಅಳತೆ ತೆಗೆದುಕೊಂಡು, ಆ ಅಳತೆಯನ್ನು ಬಿಡದಂತೆ ಹಿಡಿದಿಡುವ ಗುಂಡಿ ಒತ್ತಿದೆ. ಆಮೇಲೆ ಕಂಬಳಿ ಸರಿಸಿ, ಕೊಡೆಯ ಮುಂದೆಯೇ ಶೇವಂತಿಯನ್ನು ತೆಗೆದೆ. ಕೊಡೆ ಕಪ್ಪಾಗಿ ಬಂತು. ಶೇವಂತಿ ಶೇವಂತಿಯಾಗಿ ಬಂದಳು.

ಫೋಕಸಿನದೂ ಅಷ್ಟೇ. ಪರದೆಯ ತುಂಬ ಹರಡಿದ್ದ ಒಂಬತ್ತು ಚುಕ್ಕಿಗಳಲ್ಲಿ ತನಗೆ ಬೇಕಾದದ್ದನ್ನು ಅದೇ ಆರಿಸಿಕೊಳ್ಳುತ್ತಿತ್ತು. ಎಂಟನ್ನು ಮುಚ್ಚಿ ನಡುವಿನ ಒಂದನ್ನೇ ಇಟ್ಟುಕೊಂಡೆ. ಅದನ್ನು ಕಣ್ಣಿನ ಮೇಲೆ ಇಟ್ಟು ಹಿಡಿದರೆ ಗರ್ ಗರ್ ಇಲ್ಲ, ರೆಪ್ಪೆಯ ಕೂದಲೂ ಎಣಿಸಬಹುದು.

ಅಮಸಿದ್ದಪ್ಪ ಹೋಗುವಾಗ ನನ್ನ ಎರಡೂ ಕೈ ಹಿಡಿದುಕೊಂಡ. "ಹಂಗಾರ ತಪ್ಪು ಯಾರದೂ ಅಲ್ಲ, ಮಶೀನಿಂದು" ಎಂದ. ನಾನು ಹೂಂ ಎಂದೆ. ಉಮಾಶ್ರೀ ಚಪ್ಪಲಿ ಮೆಟ್ಟುತ್ತ ಒಂದು ಗಳಿಗೆ ನನ್ನನ್ನು ನೋಡಿ ಹೋದಳು. ಅವರು ಹೋದ ಮೇಲೆ ಶೇವಂತಿ ಕೇಳಿದಳು: "ಇವತ್ತು ಕೊಡಿ ಮುಂದ ನನ್ನ ಮಾರಿ ಮಿಣಕ್ ಅಂತಲ್ಲ, ಅವತ್ತು ಉಮಾಶ್ರೀದೂ ಅಂದಿದ್ದು ನೀ ನೋಡಿರಲಿಲ್ಲೇನು?"

"ನಿನಗ್ಯಾಕ ಬೇಕ ಅದು?" ಎಂದು ಹೊರಗೆ ಹೋದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗಿತ್ತು ನನ್ನ ಸ್ಥಿತಿ.

ಸೋಮವಾರ ಬೆಳಿಗ್ಗೆ ಬೀರಪ್ಪನ ಗುಡಿಯ ಮುಂದೆ ನಲವತ್ತು ಐವತ್ತು ಮಂದಿ ಸೇರಿದ್ದರು. ಪೂಜಾರಿ ಹಣಮಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ಎಂಬತ್ತರ ಮುದುಕ, ಮುಂದೆ ಹಿತ್ತಾಳೆಯ ಪರಾತದಲ್ಲಿ ಭಂಡಾರ, ಅರಿಷಿಣದ ಹಳದಿ ಪುಡಿ. ಬಾಡಗಂಡಿಯವರು ಒಂದು ಕಡೆ. ರಾಚಪ್ಪ ದಪ್ಪ ಮೀಸೆಯ ಕರಿಯ ಆಳು, ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಹುಡುಗ ದುಂಡೇಶ ಅವನ ಬೆನ್ನ ಹಿಂದೆ, ಇಸ್ತ್ರಿ ಮಾಡಿದ ಅಂಗಿಯಲ್ಲಿ ತಲೆ ತಗ್ಗಿಸಿಕೊಂಡು ನಿಂತಿದ್ದ. ಸಿದ್ದಕ್ಕ ಮತ್ತು ಉಮಾಶ್ರೀ ಬೇವಿನ ಗಿಡದ ಕೆಳಗೆ.

ಅಮಸಿದ್ದಪ್ಪ ಭಂಡಾರದಲ್ಲಿ ಬಲಗೈ ಊರಿ, "ಈ ಫೋಟೊ ನನ್ನ ಮಗಳು ಉಮಾಶ್ರೀದು. ಸುಳ್ಳಾದ್ರ ನನ್ನ ಹಿಂಡು ಹಿಂಡಾಗಿ ಉಳಿಯಬಾರದು" ಎಂದ. ಮಂದಿ ಸುಮ್ಮನೆ ಕೇಳಿದರು. ಆದರೆ ಫೋಟೊ ಕೈಯಿಂದ ಕೈಗೆ ಹೋಗುತ್ತಿದ್ದ ಹಾಗೆ ಪಿಸುಮಾತು ಎದ್ದಿತು. ಅವನು ಹೇಳಿದಂತೆಯೇ ಆಗುತ್ತಿತ್ತು.

ನಾನು ಎದ್ದು ಮುಂದೆ ಹೋದೆ. "ಫೋಟೊ ತಗದಾಂವ ನಾನು. ಬರ್‍ರಿ ರಾಚಪ್ಪನವರ, ನಿಮ್ಮದ ತಗದು ತೋರಿಸ್ತೇನಿ."

"ನಂದ್ಯಾಕ?" ಎಂದು ರಾಚಪ್ಪ ಹಿಂದೆ ಸರಿದ.

"ಹೋಗೊ, ನಿನ್ನನ್ನೇನ ಅದು ನುಂಗತೈತೇನು?" ಎಂದ ಹಣಮಪ್ಪ.

ಗುಡಿಯ ಸುಣ್ಣದ ಗೋಡೆಗೆ ನಿಲ್ಲಿಸಿ ಒಂದು ತೆಗೆದೆ. ಅದೇ ಗೋಡೆಗೆ ಸಿದ್ದಕ್ಕನ ಕರಿ ಕಂಬಳಿ ಇಳಿಬಿಟ್ಟು, ಅದೇ ಬಿಸಿಲಿನಲ್ಲಿ, ಅದೇ ಜಾಗದಲ್ಲಿ ಇನ್ನೊಂದು. ಎಲ್ಲವನ್ನೂ ಕ್ಯಾಮೆರಾಕ್ಕೇ ಬಿಟ್ಟು, ಮೊದಲಿನ ಹಾಗೆಯೇ. ನಂತರ ಕ್ಯಾಮೆರಾವನ್ನು ಹಣಮಪ್ಪನ ಕೈಗೆ ಕೊಟ್ಟೆ. ಮುದುಕ ಕಣ್ಣು ಕಿರಿದು ಮಾಡಿ ನೋಡಿ, ಪಕ್ಕದವನಿಗೆ ತೋರಿಸಿ, ಗೊಳ್ಳೆಂದು ನಕ್ಕುಬಿಟ್ಟ. ಕ್ಯಾಮೆರಾ ಕೈಯಿಂದ ಕೈಗೆ ಹೊರಟಿತು. ಒಂದರಲ್ಲಿ ರಾಚಪ್ಪನ ಮೀಸೆ ಯಾವುದು ಮುಖ ಯಾವುದು ತಿಳಿಯುತ್ತಿರಲಿಲ್ಲ. ಇನ್ನೊಂದರಲ್ಲಿ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಬಿದ್ದೆದ್ದವನಂತೆ ಇದ್ದ.

"ಏ ರಾಚಪ್ಪಾ, ಈ ಫೋಟೊ ಕಳಸೂಣು ತಡಿ, ನಿನಗ ಇನ್ನೊಂದು ಹೆಣ್ಣು ಸಿಗತೈತಿ!" ಎಂದು ಯಾರೋ ಕೂಗಿದರು.

"ಇವರು ಬ್ಯಾರೆ ರಾಚಪ್ಪ, ಮೊದಲಿನಾಂವ ಬ್ಯಾರೆ. ಮೋಸ ಮಾಡ್ಯಾರಲೇ!" ಎಂದ ಇನ್ನೊಬ್ಬ. ಅಂಗಳವೆಲ್ಲ ನಗೆ. ರಾಚಪ್ಪ ಕ್ಯಾಮೆರಾ ಕಸಿದುಕೊಂಡು ನೋಡಿದ, ಮುಖ ಇಳಿಯಿತು. ಬೂದ ಕಂಬಳಿಯ ಅಳತೆ ಹಿಡಿದು ಮೂರನೆಯದನ್ನೂ ತೆಗೆದು ತೋರಿಸಿ, ಕಾರಣ ಬಿಡಿಸಿ ಹೇಳಿದೆ. ಕುರಿ ಬಿಡಿಸಿಕೊಂಡು ಹೋಗಿದ್ದವನು ಅಮಸಿದ್ದಪ್ಪನ ಪಕ್ಕ ಬಂದು ಕುಳಿತ. ಎಲ್ಲ ಮುಗಿಯಿತು ಎಂದು ನಾನು ಕ್ಯಾಮೆರಾ ಚೀಲಕ್ಕೆ ಹಾಕತೊಡಗಿದೆ.

"ತಡಿ ತಮ್ಮಾ" ಎಂದ ಹಣಮಪ್ಪ. ಈಗ ಅವನು ನಗುತ್ತಿರಲಿಲ್ಲ. "ಮಶೀನ ತಪ್ಪಿತು, ತಿಳೀತು. ಫೋಟೊ ಬಂದ ಕೂಡಲೆ ನೀ ನೋಡಿದ್ದಿಯಲ್ಲ? ಎದುರಿಗೆ ಹುಡುಗಿ ಕುಂತಿದ್ಲು. ನಿನಗ ಗೊತ್ತಾಗಲಿಲ್ಲೇನು?"

ಪರಾತವನ್ನು ನನ್ನ ಕಡೆ ಸರಿಸಿದ. ನಾನು ಅವರ ದೈವದವನಲ್ಲ. ಮುಟ್ಟುವುದಿಲ್ಲ ಎಂದರೆ ಯಾರೂ ಬಲವಂತ ಮಾಡುತ್ತಿರಲಿಲ್ಲ. "ಹೊಸಾ ಮಶೀನ್ರಿ ಅಜ್ಜಾರ, ತಿಳೀಲಿಲ್ಲ" ಎಂದರೆ ಮುಗಿದಿತ್ತು. ನನ್ನ ಹೆಸರೂ ಉಳಿಯುತ್ತಿತ್ತು. ಬೇವಿನ ಗಿಡದ ಕೆಳಗಿಂದ ಉಮಾಶ್ರೀ ನೋಡುತ್ತಿದ್ದಳು. ಅವತ್ತು ಸ್ಟುಡಿಯೊದಲ್ಲಿ ನೋಡಿದ ಹಾಗೆಯೇ.

ಭಂಡಾರದಲ್ಲಿ ಕೈ ಊರಿದೆ. "ಗೊತ್ತಾಗಿತ್ರಿ" ಎಂದೆ.

ಹಣಮಪ್ಪ ಮುಂದೆ ಹೇಳು ಎಂಬಂತೆ ತಲೆಯಾಡಿಸಿದ.

"ಯಾಕ ಹಂಗ ಬಂತು ಅನ್ನೂದು ಗೊತ್ತಿರಲಿಲ್ಲ. ತಪ್ಪು ಬಂದೈತಿ ಅನ್ನೂದು ಗೊತ್ತಿತ್ತು. ಮಾರಿ ಸುಟ್ಟೈತಿ ಅಂತ ಮಶೀನ ಮಿಣಕ್ ಅಂದು ತೋರಿಸ್ತು. ಇದು ನಾನ ಏನ್ರಿ ಅಂತ ಹುಡುಗಿ ಕೇಳಿದ್ಲು. ನಾ ಗದರಿಸಿದೆ. ಅವರವ್ವ ಹೊಗಳಿದ್ಲು, ನನಗ ಅದು ಬೇಕಾಗಿತ್ತು. ಅಮಸಿದ್ದಪ್ಪಂದು ತಪ್ಪಿಲ್ಲ. ಮಶೀನಿಂದೂ ಇಲ್ಲ. ನಂದ ಐತಿ."

ಅಮಸಿದ್ದಪ್ಪ ನನ್ನತ್ತ ತಿರುಗಿ ನೋಡಿದ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅಷ್ಟರಲ್ಲಿ ಸಿದ್ದಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಮುಂದೆ ಬಂದಳು. "ಅವನೊಬ್ಬಂದ ಅಲ್ರಿ ಯಪ್ಪಾ. ನಾ ಹಡದಾಕಿ. ನನ್ನ ಮಗಳ ಮಾರಿ ನನಗ ಗೊತ್ತಿಲ್ಲೇನು? ಆ ಬಿಳೇ ಫೋಟೊ ನೋಡಿ, ಹಿಂಗ ಇದ್ದಿದ್ರ ಅಂತ ಆಸೆ ಬಿದ್ದೆ. ನನ್ನ ಕೂಸಿನ ಎದುರಿಗೇ ಬಿದ್ದೆ." ಉಮಾಶ್ರೀ ಬಂದು ಅವಳ ಹೆಗಲು ಹಿಡಿದುಕೊಂಡಳು. ತಾಯಿ ಅತ್ತಳು, ಮಗಳು ಅಳಲಿಲ್ಲ. ನನ್ನ ಕಣ್ಣು ತುಂಬಿ ಬಂತು.

ಹಣಮಪ್ಪ ಒಂದು ಚಿಟಿಕೆ ಭಂಡಾರ ತೆಗೆದು ಅಮಸಿದ್ದಪ್ಪನ ಹಣೆಗೆ ಹಚ್ಚಿದ. "ಇವನ ಮಾತು ಖರೆ. ಇನ್ನ ಯಾರೂ ತುಟಿ ಪಿಟಕ್ ಅನ್ನಂಗಿಲ್ಲ" ಎಂದ. ನನ್ನ ಹಣೆಗೂ ಹಚ್ಚಿದ. "ತಪ್ಪು ಒಪ್ಪಿದವನ ಮ್ಯಾಲ ದೇವರಿಗೆ ಸಿಟ್ಟಿಲ್ಲ. ಹುಡುಗಿದು ಇನ್ನೊಂದು ಫೋಟೊ ತಗಿ, ಇದ್ದಂಗ."

ಅದೇ ಕರಿ ಕಂಬಳಿಯ ಮುಂದೆ ಉಮಾಶ್ರೀ ಕುಳಿತಳು. ಬೂದ ಕಂಬಳಿಯ ಅಳತೆ ಹಿಡಿದೆ. ಚುಕ್ಕಿಯನ್ನು ಎಡಗಣ್ಣಿನ ಮೇಲೆ ಇಟ್ಟೆ. ನಗು ಎಂದು ಹೇಳಲಿಲ್ಲ. ಒತ್ತಿದೆ. ಪರದೆಯಲ್ಲಿ ಅವಳು ಇದ್ದಳು: ಎಣ್ಣೆಗಪ್ಪು ಮುಖ, ಹುಬ್ಬಿನ ಮೇಲಿನ ಗಾಯ, ಎದುರಿನವರನ್ನು ತೂಗಿ ನೋಡುವ ಕಣ್ಣು. ಎಲ್ಲಿಯೂ ಏನೂ ಮಿಣಕಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ನಾನು ಅಷ್ಟು ಚಂದದ ಫೋಟೊ ತೆಗೆದಿರಲಿಲ್ಲ, ಖರೆ ಹೇಳುತ್ತೇನೆ. ಅವಳು ನೋಡಿ, "ಹೂಂ, ಇದು ನಾನು" ಎಂದಳು.

ಆಗ ರಾಚಪ್ಪ ಕೆಮ್ಮಿದ. "ಆದದ್ದಾತು, ಅಮಸಿದ್ದಪ್ಪಾ, ತಪ್ಪಾತು. ಹುಡುಗಗ ಒಪ್ಪಿಗಿ ಐತಂತ. ಈಗ ಮಾತು ಮುಗಿಸೂಣೇನು?" ದುಂಡೇಶ ಹಿಂದಿನಿಂದ ಮುಂದೆ ಬಂದು, "ನನಗ ಒಪ್ಪಿಗಿ ಐತ್ರಿ" ಎಂದ. ಮಂದಿಗೆಲ್ಲ ಖುಷಿ. ಎಲ್ಲರೂ ಅಮಸಿದ್ದಪ್ಪನ ಕಡೆ ತಿರುಗಿದರು. ಅಮಸಿದ್ದಪ್ಪ ಮಗಳ ಕಡೆ ತಿರುಗಿದ.

ಉಮಾಶ್ರೀ 'ಹೂಂ' ಅನ್ನಲಿಲ್ಲ, 'ಊಹೂಂ' ಅನ್ನಲಿಲ್ಲ. "ಕಾಕಾ, ನನ್ನ ಮಾರಿ ಊರೆಲ್ಲ ನೋಡಿ ಆತು. ಇನ್ನ ಅವರನ್ನ ಕುಂಡರಸ್ರಿ. ಇದ ಬೂದ ಕಂಬಳಿ ಹಿಡಿದು, ಅಳತಿ ತಗೊಂಡು, ಇದ್ದಂಗ ತಗೀರಿ" ಎಂದಳು.

"ಏ, ಇದೆಲ್ಲಿ ಪದ್ಧತಿ?" ಎಂದ ರಾಚಪ್ಪ.

"ನೀ ಸುಮ್ಕಿರೊ" ಎಂದ ಹಣಮಪ್ಪ, ಆಸೆಯಿಂದ ಮುಂದೆ ಬಾಗಿ.

ದುಂಡೇಶ ಕುಳಿತ. ಬೆವರು ಒರೆಸಿಕೊಂಡ, ಕಾಲರ್ ಸರಿ ಮಾಡಿಕೊಂಡ. ಒತ್ತುವ ಹೊತ್ತಿಗೆ ಮಾವನ ಕಡೆ ನೋಡಿದ. "ಇತ್ಲಾಗ ನೋಡೊ ತಮ್ಮಾ" ಎಂದೆ. ನೋಡಿದ, ಮತ್ತೆ ಮಾವನ ಕಡೆ ಹೊರಳಿದ. ಮೂರು ಸಲ ತೆಗೆದೆ. ಮೂರರಲ್ಲೂ ಬೆಳಕು ಸರಿಯಾಗಿತ್ತು, ಫೋಕಸು ಸರಿಯಾಗಿತ್ತು, ಕಣ್ಣು ಮಾತ್ರ ಮಾವನ ಮೇಲಿತ್ತು.

ಉಮಾಶ್ರೀ ಕ್ಯಾಮೆರಾ ಇಸಿದುಕೊಂಡು ಮೂರನ್ನೂ ನಿಧಾನಕ್ಕೆ ನೋಡಿದಳು. ದುಂಡೇಶನನ್ನು ಕೇಳಿದಳು: "ಅವತ್ತು ನಮ್ಮ ಮನ್ಯಾಗ ನಿಮ್ಮ ಮಾಮಾ ನಮ್ಮಪ್ಪಗ ಮೋಸಗಾರ ಅಂದಾಗ, ನೀವು ಫೋಟೊ ಇಸ್ಕೊಂಡು ಒಮ್ಮಿಯಾದ್ರೂ ನನ್ನ ಮಾರಿ ನೋಡಿದ್ರೇನು?"

ದುಂಡೇಶ ಮತ್ತೆ ಮಾವನ ಕಡೆಗೇ ನೋಡಿದ.

ಅವಳು ಕ್ಯಾಮೆರಾವನ್ನು ನನ್ನ ಕೈಯಲ್ಲಿ ಇಟ್ಟಳು. "ಫೋಟೊ ಛಲೋ ಬಂದೈತಿ ಕಾಕಾ. ಹುಡುಗನ್ನ ಒಲ್ಲೆ."

ಅಮಸಿದ್ದಪ್ಪ ಮಗಳನ್ನು ನೋಡುತ್ತ ನಿಂತ. ಅವನ ಹಣೆಯ ಭಂಡಾರ ಬೆವರಿಗೆ ಮೂಗಿನವರೆಗೆ ಇಳಿದಿತ್ತು. ಸಿದ್ದಕ್ಕ ಏನೋ ಹೇಳಲು ಹೋದಳು. ಅವನು ಕೈ ಎತ್ತಿ ತಡೆದ, ಬೂದ ಕಂಬಳಿಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡ. "ನಡೀ ಯವ್ವಾ" ಎಂದ ಮಗಳಿಗೆ. "ಕುರಿ ಬಿಡೂ ಹೊತ್ತಾತು."